ಮುಖಪುಟದ ವಿಚಾರ

ಸ್ನೇಹಿತರೇ,

ನಮ್ಮ ಸಂಗೀತ ಪತ್ರಿಕೆಯ ದಸರಾ ಸಂಚಿಕೆಯ ಮುಖಪುಟಕ್ಕೆ ಕ್ರಿಕೆಟಿಗರೊಬ್ಬರ ಚಿತ್ರ ಹಾಕೋಣ, ಜಾಹೀರಾತು ತಾನಾಗಿ ಬರುತ್ತದೆ ಎಂಬ ಸಲಹೆಗೆ ನಿನ್ನೆ ರಾತ್ರಿ ಈ ಗುಂಪಿನಲ್ಲಿ ಬಹಳಷ್ಟು ಹೆಬ್ಬೆರಳುಗಳು ಎದ್ದವು. ನನ್ನದು ಏಳಲಿಲ್ಲ.

ಅಮೆರಿಕದ ಸಂಗೀತ ಪತ್ರಿಕೆ ‘ರೋಲಿಂಗ್ ಸ್ಟೋನ್’ 2006ರಲ್ಲಿ ಸ್ನೋಬೋರ್ಡ್ (ಹಿಮದ ಮೇಲೆ ಹಲಗೆಯಲ್ಲಿ ಜಾರುವ ಆಟ) ಆಟಗಾರ ಶಾನ್ ವೈಟ್ ಅವರನ್ನು ಮುಖಪುಟಕ್ಕೆ ತಂದದ್ದು ನಿಜ. ಆದರೆ 1967ರಲ್ಲಿ ಹುಟ್ಟಿದ ಆ ಪತ್ರಿಕೆ ಸಂಗೀತದ ಜೊತೆ ರಾಜಕೀಯ, ಸಿನಿಮಾ ಎಲ್ಲವನ್ನೂ ಬರೆಯುತ್ತಾ ಬಂದಿದೆ. ಅದಕ್ಕೆ ವರ್ಷಕ್ಕೆ ಹಲವು ಮುಖಪುಟ. ನಮಗೆ ಒಂದೇ. ಜಾವಗಲ್ ಶ್ರೀನಾಥ್ ನಮ್ಮ ಮೈಸೂರಿನವರೇ, ಹೆಮ್ಮೆಯೇ. ಅವರ ಚಿತ್ರಕ್ಕೆ ದಿನಪತ್ರಿಕೆಗಳ ಕ್ರೀಡಾಪುಟಗಳಿವೆ. ವೀಣೆ ಶೇಷಣ್ಣನವರಿಗೆ ಎಲ್ಲಿದೆ ಜಾಗ?

ನನ್ನ ಆಯ್ಕೆ ಪಿಟೀಲು ಚೌಡಯ್ಯನವರು. ಮೈಕ್ ಇಲ್ಲದ ಸಭೆಗಳಲ್ಲಿ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಬಿಗಿದವರು. ಮುಖವೂ ಬೇಡ; ಏಳು ಬಿರಡೆಗಳು ಒತ್ತೊತ್ತಾಗಿ ನಿಂತ ಆ ವಾದ್ಯದ ತಲೆಭಾಗವನ್ನಷ್ಟೇ ಹತ್ತಿರದಿಂದ ತೋರಿಸಿದರೂ ಸಾಕು, ಕೈಗೆತ್ತಿಕೊಂಡವರು ಎಣಿಸದೆ ಕೆಳಗಿಡುವುದಿಲ್ಲ.

ಸಂಗೀತ ಕಲಿತ ಕ್ರೀಡಾಪಟು ಸಿಕ್ಕಿದರೆ ಒಳಪುಟದಲ್ಲಿ ಸಂದರ್ಶನ ಹಾಕೋಣ, ಬೇಡವೆನ್ನುವುದಿಲ್ಲ. ಜಾಹೀರಾತಿಗೆ ದೇವರಾಜ ಅರಸು ರಸ್ತೆಯ ಅಂಗಡಿಗಳನ್ನು ನಾನೇ ಸುತ್ತುತ್ತೇನೆ (ಜೊತೆಗೆ ಒಬ್ಬರು ಬಂದರೆ ಒಳ್ಳೆಯದು, ನನಗೆ ಚೌಕಾಸಿ ಬಾರದು).

ವಿನ್ಯಾಸ ಸೋಮವಾರ ಮುದ್ರಣಾಲಯಕ್ಕೆ ಹೋಗಬೇಕು. ಭಾನುವಾರ ಸಂಜೆಯೊಳಗೆ ಅಭಿಪ್ರಾಯ ಬರೆಯಿರಿ. ಅಲ್ಲಿಯವರೆಗೆ ಶುಭೋದಯದ ಹೂವಿನ ಚಿತ್ರಗಳಿಗೆ ದಯವಿಟ್ಟು ವಿರಾಮ ಕೊಡಿ.