ಸೀಟಿ ಊದೋವರೆಗೆ ತಡೆದುಕೋ, ಪುಟ್ಟಿ

ಪುಟ್ಟಿ,

ನಿನ್ನ ಏಳು ವಾಯ್ಸ್ ಮೆಸೇಜೂ ಕೇಳಿದೆ. ಆರನೆಯದರಲ್ಲಿ ಬರೀ ಏದುಸಿರು, ಫೋನ್ ಹಿಡಿದುಕೊಂಡೇ ಓಡಿದ್ದೀಯ ಅಂತ ಕಾಣುತ್ತೆ. ಶನಿವಾರ ಶಾಲೆಯ ಆಟೋಟ, 50 ಮೀಟರ್ ಓಟಕ್ಕೆ ನಿನ್ನ ಹೆಸರಿದೆ, ಲಿಂಬೆಹಣ್ಣು ಚಮಚಕ್ಕೂ ಇದೆ, ಗೊತ್ತಾಯ್ತು. ಅಂಗಡಿಗೆ ಓಡಿ ಹೋಗಿ ಓಡಿ ಬರುತ್ತಾಳೆ, ಅರ್ಧ ಸಕ್ಕರೆ ದಾರಿಯಲ್ಲೇ ಚೆಲ್ಲಿರುತ್ತೆ ಅಂತ ನಿಮ್ಮಮ್ಮ ದೂರು ಹೇಳಿದಳು. ನಾನು ನಕ್ಕೆ. ನಕ್ಕಿದ್ದಕ್ಕೆ ನನಗೂ ಬೈಗುಳ ಬಿತ್ತು.

ಹುರುಪು ಕಡಿಮೆ ಮಾಡಿಕೋ ಅಂತ ಹೇಳೋಕೆ ಈ ಪತ್ರ ಅಲ್ಲ. ಅದೇ ಹುರುಪಿನಿಂದ ನಾನೊಮ್ಮೆ ಕೆಟ್ಟೆ, ಅದನ್ನು ಹೇಳಬೇಕು. ಆಗ ನಾನು ನಾಲ್ಕನೇ ಕ್ಲಾಸು, ಕೊಪ್ಪಳದ ಹತ್ತಿರ ನಮ್ಮ ಹಳ್ಳಿ ಶಾಲೆ. ಹಿಂದಿನ ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಯಲಿಗೆ ಹೋಗಿ, ಆಗಷ್ಟೇ ಹಾಕಿದ್ದ ಸುಣ್ಣದ ಗೆರೆಗಳ ಮೇಲೆ ಹತ್ತು ಸಲ ಓಡಿ, ಗೆರೆ ಅಳಿಸಿದ್ದಕ್ಕೆ ಮಾಸ್ತರರಿಂದ ಒಂದು ಏಟೂ ತಿಂದೆ. ಓಟಕ್ಕೆ ನಿಂತಾಗ ಎದೆ ಢವಢವ. ಮಾಸ್ತರರು ಸೀಟಿ ಬಾಯಿಗಿಟ್ಟರು, ಇನ್ನೂ ಊದಿಲ್ಲ, ನಾನು ಓಡಿಬಿಟ್ಟೆ. ವಾಪಸ್ ಕರೆದರು. ಮತ್ತೆ ಓಡಿದೆ. ಮೂರನೇ ಸಲ ಕಿವಿ ಹಿಡಿದು ಹೊರಗೆ ಹಾಕಿದರು. ನನಗಿಂತ ನಿಧಾನ ಓಡುತ್ತಿದ್ದ ಹುಡುಗ ಸ್ಟೀಲ್ ಲೋಟ ಗೆದ್ದುಕೊಂಡು ಹೋದ. ಆ ಲೋಟ ಈಗಲೂ ಅವನ ಮನೆಯಲ್ಲಿದೆ, ನಾನು ಹೋದಾಗೆಲ್ಲ ಅದರಲ್ಲೇ ಚಹಾ ಕೊಡುತ್ತಾನೆ, ಬೇಕಂತಲೇ.

ಉಸೇನ್ ಬೋಲ್ಟ್ ಎಷ್ಟು ಜೋರು ಅಂತ ಕೇಳಿದ್ದೆಯಲ್ಲ, 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿಗೆ ಓಡಿ ವಿಶ್ವದಾಖಲೆ ಮಾಡಿದವನು. ಅಂಥವನೇ 2011ರಲ್ಲಿ, ದಕ್ಷಿಣ ಕೊರಿಯಾದ ಡೇಗು ಅನ್ನೋ ಊರಲ್ಲಿ, ವಿಶ್ವ ಚಾಂಪಿಯನ್‌ಶಿಪ್‌ನ ಫೈನಲ್‌ನಲ್ಲಿ ಸದ್ದು ಬರೋ ಮೊದಲೇ ಹೊರಟುಬಿಟ್ಟ. ಅಲ್ಲಿ ನಮ್ಮ ಮಾಸ್ತರರ ಹಾಗೆ ಮೂರು ಸಲ ಬಿಡೋದಿಲ್ಲ, ಒಂದೇ ತಪ್ಪಿಗೆ ಹೊರಗೆ. ಕೆಲವೇ ದಿನಕ್ಕೆ ಅಲ್ಲೇ 200 ಮೀಟರ್ ಓಡಿ ಚಿನ್ನ ತಗೊಂಡ. ಈ ಸಲ ಸದ್ದು ಕೇಳಿದ ಮೇಲೇ ಹೊರಟ.

ಅದಕ್ಕೇ, ಗೆರೆ ಹಿಂದೆ ನಿಂತಾಗ ಮಿಸ್ ಮುಖ ನೋಡಬೇಡ. ಅವರ ಕೆನ್ನೆ ಉಬ್ಬಿದ್ದು ಕಂಡರೆ ಸಾಕು, ಕಾಲು ತಾನೇ ಹೊರಡುತ್ತೆ. ಎದುರಿನ ನೆಲ ನೋಡು, ಕಿವಿ ಮಾತ್ರ ಸೀಟಿ ಕಡೆ ಇರಲಿ. ಸಂಜೆ ನಿಮ್ಮ ಅಜ್ಜನ ಕೈಗೆ ಸೀಟಿ ಕೊಟ್ಟು ಅಂಗಳದಲ್ಲಿ ಅಭ್ಯಾಸ ಮಾಡು. ಬಾಯಿಗಿಟ್ಟು ಸುಮ್ನೆ ಕೂತಿರಿ, ಮನಸ್ಸು ಬಂದಾಗ ಊದಿ ಅಂತ ಹೇಳು. ಅಜ್ಜನಿಗೆ ಇಂಥ ಕೀಟಲೆ ಅಂದ್ರೆ ಬಹಳ ಇಷ್ಟ. ಅಂಗಳ ಸಾಕು, ಕಾಲುವೆ ಏರಿ ಮೇಲೆ ಮಾತ್ರ ಓಡಬೇಡ, ಈಗ ನೀರು ಬಿಟ್ಟಿದ್ದಾರೆ.

ಮೊದಲು ನಿಧಾನಕ್ಕೆ ಓಡು ಅಂತ ಅಜ್ಜಿ ಹೇಳುತ್ತಾರಂತೆ. ಅಂಜನಾದ್ರಿಗೆ ಅದು ಸರಿ. 575 ಮೆಟ್ಟಿಲು, ಹೋದ ಸಲ ನೀನು ಓಡುತ್ತಾ ಹತ್ತಿ ನೂರಕ್ಕೇ ಕೂತು ನನ್ನ ಹೆಗಲೇರಿದ್ದೆ, ನೆನಪಿದೆಯಾ? 50 ಮೀಟರಿಗೆ ಆ ಲೆಕ್ಕ ಬೇಡ. ಮೊದಲ ಹೆಜ್ಜೆಯಿಂದಲೇ ಇದ್ದಷ್ಟೂ ಜೋರು.

ಇನ್ನೊಂದು ಮಾತು, ನೀನು ಓಡೋ ವಿಡಿಯೋದಲ್ಲಿ ಕಂಡದ್ದು. ಗೆರೆ ಹತ್ತಿರ ಬಂದ ಕೂಡಲೇ ನೀನು ಪಕ್ಕಕ್ಕೆ ತಿರುಗಿ ನೋಡ್ತೀಯ, ಅಲ್ಲೇ ಕಾಲು ನಿಧಾನ ಆಗುತ್ತೆ. ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಓಡಿದಾಗ ಕಂಚಿನ ಪದಕ ತಪ್ಪಿದ್ದು ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲಿಗೆ. ನೀನು ಒಮ್ಮೆ ಕಣ್ಣು ಮಿಟುಕಿಸೋದರಲ್ಲಿ ಅಂಥ ಹತ್ತಾದರೂ ಮುಗಿದಿರುತ್ತವೆ. ಗೆರೆಯಾಚೆ ಹತ್ತು ಹೆಜ್ಜೆ ದೂರ ನಾನು ನಿಂತಿರುತ್ತೇನೆ, ಬಂದು ನನಗೆ ಢಿಕ್ಕಿ ಹೊಡೆಯೋವರೆಗೂ ಓಡು. ಕೊಪ್ಪಳದಿಂದ ಬೆಳಗಿನ ಮೊದಲ ಬಸ್ಸಿಗೇ ಗಂಗಾವತಿಗೆ ಬರುತ್ತೇನೆ.

ಅವತ್ತು ಬೆಳಗ್ಗೆ ಬಾಳೆಹಣ್ಣು, ಸ್ವಲ್ಪ ಅವಲಕ್ಕಿ ಸಾಕು. ಒಗ್ಗರಣಿ ಮಿರ್ಚಿ ಆಮೇಲೆ ನಾನು ಕೊಡಿಸ್ತೀನಿ.

ಲಿಂಬೆಹಣ್ಣು ಚಮಚದ ವಿಷಯ ನನಗೇನೂ ತಿಳಿಯದು. ಅದರಲ್ಲಿ ನಿಮ್ಮಮ್ಮ ಎರಡು ವರ್ಷ ಫಸ್ಟ್ ಬಂದವಳು, ಚಮಚಕ್ಕೆ ಬೆಲ್ಲ ಸವರಿಕೊಂಡು ಹಣ್ಣು ಅಂಟಿಸುತ್ತಿದ್ದಳು. ನಾನು ಹೇಳಿದೆ ಅಂತ ಮಾತ್ರ ಹೇಳಬೇಡ.

ನಿನ್ನ ಮಾಮ