ದಡದಲ್ಲಿ ಒಬ್ಬರು ಇರಬೇಕು

ಈ ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಗಣೇಶನ ಹಬ್ಬದ ಸಿದ್ಧತೆಯ ಬಗ್ಗೆ ಬರೆಯಲೆಂದು ಈ ಪುಟವನ್ನು ಖಾಲಿ ಇಟ್ಟುಕೊಂಡಿದ್ದೆ. ಆದರೆ ಕಳೆದ ವಾರ ಬಂದ ಸುದ್ದಿಯೊಂದು ಮನಸ್ಸಿನಿಂದ ಹೋಗುತ್ತಿಲ್ಲ. ಇಂಗ್ಲೆಂಡಿನ ನಮ್ಮ ಕನ್ನಡ ಸಂಘದ ಈಜು ಬಳಗವನ್ನು ಕಟ್ಟಿ, ಬೇಸಿಗೆ ಬಂತೆಂದರೆ ನಮ್ಮನ್ನೆಲ್ಲ ವಿಂಡರ್‌ಮಿಯರ್ ಸರೋವರಕ್ಕೆ ಕರೆದೊಯ್ಯುತ್ತಿದ್ದ ಹಿರಿಯ ಸದಸ್ಯರು, ವಯಸ್ಸಾದ ತಾಯಿಯ ಜೊತೆಗಿರಲು ಸಂಸಾರಸಮೇತ ಶಿವಮೊಗ್ಗಕ್ಕೆ ಮರಳುತ್ತಿದ್ದಾರೆ. ಅವರ ನಿರ್ಧಾರ ನಮಗೆಲ್ಲ ಅರ್ಥವಾಗುತ್ತದೆ. ನಮ್ಮಲ್ಲಿ ಎಷ್ಟು ಜನ ಅದೇ ಲೆಕ್ಕಾಚಾರವನ್ನು ರಾತ್ರಿ ಮಲಗುವ ಮುನ್ನ ಹಾಕುತ್ತೇವೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಅವರನ್ನು ನೆನೆದರೆ ಕಯಾಕ್ ಎಂಬ ಸಣ್ಣ ದೋಣಿಯಲ್ಲಿ ಕುಳಿತ ರೂಪವೇ ಕಣ್ಣಿಗೆ ಬರುತ್ತದೆ. ಮೊಣಕಾಲಿನ ಮೇಲೆ ಹುಟ್ಟನ್ನು ಅಡ್ಡವಿಟ್ಟುಕೊಂಡು, ಈಜುವವರ ಸೊಂಟಕ್ಕೆ ಕಟ್ಟಿ ನೀರಿನ ಮೇಲೆ ತೇಲುತ್ತಿದ್ದ ಕಿತ್ತಳೆ ಬಣ್ಣದ ಗಾಳಿಚೀಲಗಳನ್ನು (ಟೋ ಫ್ಲೋಟ್) ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಕನ್ನಡದಲ್ಲಿ ಎಣಿಸುತ್ತಿದ್ದರು. ಲೆಕ್ಕ ಒಂದು ಕಡಿಮೆಯಾದರೂ ಸೀಟಿ ಊದುತ್ತಿದ್ದರು, ನಾವು ಇದ್ದಲ್ಲೇ ನಿಂತು ಕೈ ಎತ್ತಬೇಕಾಗಿತ್ತು. ತಾವು ನೀರಿಗಿಳಿಯುತ್ತಿದ್ದುದು ಎಲ್ಲರೂ ದಡ ಸೇರಿ ಬಟ್ಟೆ ಬದಲಿಸಿದ ಮೇಲೆ, ಅದೂ ಬೇರೆಯವರು ಕಯಾಕ್ ಹಿಡಿದರೆ ಮಾತ್ರ.

ವಿಂಡರ್‌ಮಿಯರ್ ಇಂಗ್ಲೆಂಡಿನ ಅತಿ ದೊಡ್ಡ ನೈಸರ್ಗಿಕ ಸರೋವರ. ಉದ್ದ ಸುಮಾರು 17 ಕಿಲೋಮೀಟರ್, ಆಳ ಕೆಲವೆಡೆ 60 ಮೀಟರಿಗೂ ಹೆಚ್ಚು. ದೋಣಿಗಳಿಗೆ 10 ನಾಟ್ (ಗಂಟೆಗೆ ಸುಮಾರು 18.5 ಕಿಲೋಮೀಟರ್) ವೇಗದ ಮಿತಿ 2005ರಲ್ಲಿ ಜಾರಿಗೆ ಬಂದಮೇಲೆ ಈಜುವವರ ಪಾಲಿಗೆ ಈ ನೀರು ಬಹಳಷ್ಟು ನಿರಾತಂಕವಾಯಿತು. 2008ರಲ್ಲಿ ಇಲ್ಲಿ ಆರಂಭವಾದ ಗ್ರೇಟ್ ನಾರ್ತ್ ಸ್ವಿಮ್ ಎಂಬ ಸಾಮೂಹಿಕ ಈಜಿಗೆ ಈಗ ಜೂನ್ ತಿಂಗಳಲ್ಲಿ ಸಾವಿರಾರು ಹವ್ಯಾಸಿಗಳು ಬರುತ್ತಾರೆ; ಅರ್ಧ ಮೈಲಿ ಈಜುವವರಿಂದ 10 ಕಿಲೋಮೀಟರ್ ಈಜುವವರವರೆಗೆ ಎಲ್ಲರಿಗೂ ಅಲ್ಲಿ ಜಾಗವಿದೆ. ಇಷ್ಟು ದೊಡ್ಡ ಕಾರ್ಯಕ್ರಮವನ್ನೇ 2010ರಲ್ಲಿ ವಿಷಕಾರಿಯಾಗಬಲ್ಲ ನೀಲಿ-ಹಸಿರು ಪಾಚಿ ಕಾಣಿಸಿಕೊಂಡ ಕಾರಣಕ್ಕೆ ರದ್ದುಮಾಡಿದ್ದರು. ನೀರಿನ ಅಂಚಿನಲ್ಲಿ ಹಸಿರು ಬಣ್ಣ ಬಳಿದಂಥ ಕೆನೆ ಕಂಡರೆ, ಎಷ್ಟೇ ದೂರದಿಂದ ಬಂದಿರಲಿ, ಆ ದಿನ ಇಳಿಯಬಾರದು ಎಂಬ ನಮ್ಮ ಬಳಗದ ನಿಯಮವನ್ನು ಈ ಕಾರಣಕ್ಕೇ ಯಾರೂ ಸಡಿಲಿಸಬಾರದು.

ಕಳೆದ ಬಾರಿ ಬುತ್ತಿ ಬಿಚ್ಚಿ ಕುಳಿತಿದ್ದಾಗ, ದೊಡ್ಡವರು ಊರ ಬಾವಿಯಲ್ಲಿ ಈಜು ಕಲಿತ ಕಥೆಗಳನ್ನು ಕೇಳುತ್ತಿದ್ದ ಎಂಟು ವರ್ಷದ ಹುಡುಗಿಯೊಬ್ಬಳು, "ಬಾವಿಗೆ ಲೈಫ್‌ಗಾರ್ಡ್ ಯಾರು ಇದ್ದರು?" ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಉತ್ತರ ತಕ್ಷಣ ಗೊತ್ತಿತ್ತು, ಹೇಳಲು ಅವಕಾಶ ಸಿಗಲಿಲ್ಲ, ಇಲ್ಲಿ ಹೇಳುತ್ತೇನೆ.

ತಿಪಟೂರಿನ ಕಡೆ ನನ್ನ ಅಜ್ಜಿಯ ಊರಿನ ತೆಂಗಿನ ತೋಟದಲ್ಲಿ ಕಲ್ಲಿನ ಮೆಟ್ಟಿಲಿದ್ದ ದೊಡ್ಡ ಬಾವಿಯೊಂದಿತ್ತು. ಬೇಸಿಗೆ ರಜೆ ಬಂತೆಂದರೆ ಅಟ್ಟದ ಮೇಲೆ ಒಣಗಿಸಿ ತೂಗುಹಾಕಿದ್ದ ಸೋರೆಬುರುಡೆಗಳು ಕೆಳಗಿಳಿಯುತ್ತಿದ್ದವು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುತ್ತಿತ್ತು. ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ಸೋದರಮಾವ ಒಂದೊಂದನ್ನೂ ನೀರಿನ ತೊಟ್ಟಿಯಲ್ಲಿ ಒತ್ತಿಹಿಡಿದು, ಗುಳ್ಳೆ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ನಮ್ಮ ಬೆನ್ನಿಗೆ ಕಟ್ಟುತ್ತಿದ್ದರು. ಕಟ್ಟುತ್ತಿದ್ದುದು ತೆಂಗಿನ ನಾರಿನ ಹಗ್ಗದಿಂದ. ಅದು ಕಂಕುಳಲ್ಲಿ ಉಜ್ಜಿ ಚರ್ಮ ಕೆಂಪಗಾಗುತ್ತಿತ್ತು, ರಾತ್ರಿ ಅಜ್ಜಿ ಕೊಬ್ಬರಿ ಎಣ್ಣೆ ಸವರುವಾಗ ಉರಿಯುತ್ತಿತ್ತು. ಮನೆಯಲ್ಲಿ ಹುಡುಗರಿಗಷ್ಟೇ ಈಜು ಕಲಿಸುವ ರೂಢಿಯಿತ್ತು. "ದಿನಾ ಕೆರೆಗೆ ಬಾವಿಗೆ ನೀರಿಗೆ ಹೋಗುವವರು ಹೆಣ್ಣುಮಕ್ಕಳು, ಮೊದಲು ಈಜು ಬರಬೇಕಾದ್ದು ಅವರಿಗೆ" ಎಂದು ಅಜ್ಜಿ ಪಟ್ಟುಹಿಡಿದದ್ದರಿಂದ ನನ್ನ ಬೆನ್ನಿಗೂ ಬುರುಡೆ ಬಂತು.

ಮಾವ ಕೊನೆಯ ಮೆಟ್ಟಿಲಿನ ಮೇಲೆ, ಪಾದ ನೀರಿನಲ್ಲಿಟ್ಟುಕೊಂಡು, ಹಗ್ಗದ ತುದಿಯನ್ನು ಮುಂಗೈಗೆ ಸುತ್ತಿಕೊಂಡು ಕೂರುತ್ತಿದ್ದರು. ಮೊದಲ ವಾರ ಎರಡು ಬುರುಡೆ, ಆಮೇಲೆ ಒಂದು, ಆಮೇಲೆ ಬರಿಯ ಹಗ್ಗ. ಮಕ್ಕಳಿಗೆ ತಿಳಿಯದಂತೆ ಹಗ್ಗ ಬಿಡುವ ಪದ್ಧತಿ ಅವರದಾಗಿರಲಿಲ್ಲ. "ಈಗ ಬಿಡುತ್ತೇನೆ" ಎಂದು ಹೇಳಿ, ನಾವು ತಲೆಯಾಡಿಸಿದ ಮೇಲೆಯೇ ಬಿಡುತ್ತಿದ್ದರು. ಮೇಲೆ ಒಂದು ಮೊಳದಷ್ಟು ನೀರು ಬಿಸಿಲಿಗೆ ಬೆಚ್ಚಗಿದ್ದು, ಕಾಲು ಕೆಳಗಿಳಿಸಿದರೆ ಕೊರೆಯುತ್ತಿತ್ತು. ಆ ಬಾವಿಗೆ ಒಂದೇ ಕಟ್ಟಳೆ: ಮೆಟ್ಟಿಲಿನ ಮೇಲೆ ದೊಡ್ಡವರೊಬ್ಬರು ಕುಳಿತಿರದೆ ಯಾರೂ ಇಳಿಯುವಂತಿಲ್ಲ, ಅದು ಈಜು ಬಲ್ಲ ದೊಡ್ಡ ಹುಡುಗರಿಗೂ ಅನ್ವಯಿಸುತ್ತಿತ್ತು. ಮಾವ ಕೊಬ್ಬರಿ ಹಾಕಲು ಮಾರುಕಟ್ಟೆಗೆ ಹೋದ ದಿನ ನಾವೆಲ್ಲ ಸೆಕೆಯಲ್ಲಿ ಬೇಯುತ್ತ, ಪಂಪಿನ ಮನೆಯ ನೆರಳಿನಲ್ಲಿ, ರಸ್ತೆಯ ಕಡೆ ಕಣ್ಣಿಟ್ಟು ಕಾಯುತ್ತಿದ್ದೆವು. ಆ ಹುಡುಗಿಗೆ ನಾನು ಹೇಳಬೇಕೆಂದಿದ್ದ ಉತ್ತರ ಇದು: ಬಾವಿಗೂ ಲೈಫ್‌ಗಾರ್ಡ್ ಇದ್ದರು, ಅವರನ್ನು ನಾವು ಮಾವ ಎಂದು ಕರೆಯುತ್ತಿದ್ದೆವು.

ಇಲ್ಲಿಯ ಸರೋವರದಲ್ಲಿ ಆ ಕಟ್ಟಳೆ ಇನ್ನೂ ಹೆಚ್ಚು ಅಗತ್ಯ, ಏಕೆಂದರೆ ಇಲ್ಲಿಯ ನೀರು ತಣ್ಣಗಿರುತ್ತದೆ. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಒಮ್ಮೆಲೇ ಬಿದ್ದರೆ ಉಸಿರು ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ, ಎದೆ ಬಡಿತ ಏರುತ್ತದೆ. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ಎಂಥ ಈಜುಗಾರನಿಗೂ ಅಪಾಯವೇ. ಆದ್ದರಿಂದ ಧುಮುಕಬಾರದು. ಮೊಣಕಾಲು, ಸೊಂಟ, ಹೆಗಲು ಎಂದು ನಿಧಾನವಾಗಿ ಇಳಿದು, ಮುಖಕ್ಕೆ ನೀರು ಹಾಕಿಕೊಂಡು, ಉಸಿರು ಹತೋಟಿಗೆ ಬರುವವರೆಗೆ ಒಂದೆರಡು ನಿಮಿಷ ಕಾಯಬೇಕು. ಅಕಸ್ಮಾತ್ ಬಿದ್ದರೆ ಕೈಕಾಲು ಬಡಿಯದೆ, ತಲೆ ಹಿಂದಕ್ಕೆ ಚೆಲ್ಲಿ, ಕಿವಿ ನೀರಿನಲ್ಲಿ ಮುಳುಗುವಂತೆ ಅಂಗಾತ ತೇಲಬೇಕೆಂದು ಇಲ್ಲಿಯ ಜೀವರಕ್ಷಕ ದೋಣಿ ಸಂಸ್ಥೆ ಆರ್‌ಎನ್‌ಎಲ್‌ಐ ಹೇಳಿಕೊಡುತ್ತದೆ. ಇದನ್ನು ನಮ್ಮ ಮಕ್ಕಳಿಗೆಲ್ಲ ಬೆಚ್ಚಗಿನ ಈಜುಕೊಳದಲ್ಲೇ ಅಭ್ಯಾಸ ಮಾಡಿಸಬೇಕು.

ನೀರಿನಿಂದ ಹೊರಬಂದ ಮೇಲೂ ಎಚ್ಚರ ಬೇಕು. ಚರ್ಮದ ಕಡೆಯ ತಣ್ಣನೆಯ ರಕ್ತ ಒಳಕ್ಕೆ ಹರಿಯತೊಡಗಿ, ಮೈಯೊಳಗಿನ ಉಷ್ಣತೆ ದಡ ಸೇರಿದ ಮೇಲೆ ಸ್ವಲ್ಪ ಹೊತ್ತು ಇಳಿಯುತ್ತಲೇ ಹೋಗುತ್ತದೆ. ನಗುತ್ತ ಹೊರಬಂದವರು ಹತ್ತು ನಿಮಿಷದಲ್ಲಿ ಗಡಗಡ ನಡುಗುವುದು ಇದರಿಂದಲೇ. ಮೊದಲು ಒದ್ದೆ ಬಟ್ಟೆ ತೆಗೆದು, ಮೈಯೊರೆಸಿ, ಎದೆ ಬೆನ್ನಿಗೆ ಒಣಬಟ್ಟೆ ಹಾಕಿಕೊಳ್ಳಬೇಕು, ಟೊಪ್ಪಿಗೆ ಹಾಕಬೇಕು, ಬಿಸಿಯಾದದ್ದನ್ನು ಗುಟುಕು ಗುಟುಕಾಗಿ ಕುಡಿಯಬೇಕು. ತಕ್ಷಣ ಬಿಸಿನೀರಿನ ಸ್ನಾನ ಬೇಡ. ಬೆರಳು ಮರಗಟ್ಟಿದ ಹೊತ್ತಿನಲ್ಲಿ ಗುಂಡಿ ಹಾಕಲು, ಫ್ಲಾಸ್ಕಿನ ಮುಚ್ಚಳ ತಿರುಗಿಸಲು ಇನ್ನೊಬ್ಬರ ಕೈ ಬೇಕಾಗುತ್ತದೆ. ಮೈಮೇಲೆ ಗಾಯವಿದ್ದವರು ಜಲನಿರೋಧಕ ಪಟ್ಟಿ ಅಂಟಿಸಿಕೊಳ್ಳಬೇಕು. ಮಲೆನಾಡಿನವರಿಗೂ ಕರಾವಳಿಯವರಿಗೂ ಚೆನ್ನಾಗಿ ಗೊತ್ತಿರುವ ಇಲಿಜ್ವರ ಇಲ್ಲಿಯ ಸಿಹಿನೀರಿನಲ್ಲೂ ಹರಡಬಲ್ಲದು.

ಈಜುವುದೆಂದರೆ ಒಬ್ಬಂಟಿಯ ಸಾಹಸವೆಂದು ನಾವು ತಿಳಿಯುತ್ತೇವೆ. ದೊಡ್ಡ ಈಜುಗಳ ಚರಿತ್ರೆ ಬೇರೆಯೇ ಹೇಳುತ್ತದೆ. ಲಂಡನ್ನಿಗೆ ಕಾನೂನು ಓದಲು ಬಂದಿದ್ದ ಮಿಹಿರ್ ಸೇನ್ 1958ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಮೊದಲ ಭಾರತೀಯರಾದರು. ಮರುವರ್ಷ ಆರತಿ ಸಾಹಾ ಹಾಗೆ ದಾಟಿದ ಏಷ್ಯಾದ ಮೊದಲ ಮಹಿಳೆಯಾದರು. ಆ ಕಾಲುವೆಯಲ್ಲಿ ಈಜುವವರು ದೋಣಿಯನ್ನು ಮುಟ್ಟುವಂತಿಲ್ಲ, ಆದರೆ ದೋಣಿಯಿಲ್ಲದೆ ಹೊರಡುವಂತೆಯೂ ಇಲ್ಲ. ದಾರಿ ನೋಡುವ ನಾವಿಕರು, ಹಗ್ಗಕ್ಕೆ ಕಟ್ಟಿ ಪಾನೀಯ ಇಳಿಸುವವರು, ಗಡಿಯಾರ ನೋಡುತ್ತ ಬರೆದಿಡುವವರು ರಾತ್ರಿಯೆಲ್ಲ ಎಚ್ಚರವಿರುತ್ತಾರೆ. 1966ರಲ್ಲಿ ಸೇನ್ ಭಾರತ-ಶ್ರೀಲಂಕಾ ನಡುವಿನ ಪಾಕ್ ಜಲಸಂಧಿಯನ್ನು ಈಜಿದಾಗ ಭಾರತೀಯ ನೌಕಾಪಡೆಯ ಹಡಗುಗಳು ಜೊತೆಗಿದ್ದವು. ಅದೇ ವರ್ಷ ಅವರು ಜಿಬ್ರಾಲ್ಟರ್, ಟರ್ಕಿಯ ಡಾರ್ಡನೆಲ್ಸ್, ಬಾಸ್ಪೊರಸ್ ಜಲಸಂಧಿಗಳನ್ನೂ ಪನಾಮಾ ಕಾಲುವೆಯನ್ನೂ ಈಜಿದರು.

ಡಾರ್ಡನೆಲ್ಸ್ ಎಂದಾಗ, ಬಳಗದ ಕೆಲವರು ಈಜುವ ಪ್ರವಾಸಗಳ ಬಗ್ಗೆ ವಿಚಾರಿಸಿದ್ದು ನೆನಪಾಯಿತು. 1810ರ ಮೇ ತಿಂಗಳಲ್ಲಿ ಕವಿ ಬೈರನ್ ಈಜಿದ ಆ ಜಲಸಂಧಿಯಲ್ಲಿ ಈಗ ಪ್ರತಿ ವರ್ಷ ಆಗಸ್ಟ್ 30ರಂದು ಹಡಗುಗಳ ಸಂಚಾರವನ್ನು ಕೆಲವು ಗಂಟೆ ನಿಲ್ಲಿಸಿ, ಯುರೋಪಿನ ದಡದಿಂದ ಏಷ್ಯಾದ ದಡಕ್ಕೆ ಹವ್ಯಾಸಿಗಳು ಈಜಲು ಅವಕಾಶ ಕೊಡುತ್ತಾರೆ. ದೂರ ಸುಮಾರು ನಾಲ್ಕೂವರೆ ಕಿಲೋಮೀಟರ್. ನೀರಿನ ಸೆಳೆತ ಬಲವಾಗಿರುವುದರಿಂದ ಗುರಿಯತ್ತ ನೇರವಾಗಿ ಹೋಗದೆ ಸೆಳೆತವನ್ನು ಲೆಕ್ಕಹಾಕಿ ಈಜಬೇಕು. ಗ್ರೀಸಿನ ದ್ವೀಪಗಳಲ್ಲಿ ವಾರದ ಪ್ರವಾಸಗಳಿವೆ. ವೇಗಕ್ಕೆ ತಕ್ಕಂತೆ ಗುಂಪು ಮಾಡಿ, ದೋಣಿಯ ಕಾವಲಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಈಜಿಸುತ್ತಾರೆ. ಹೋಗಬೇಕೆನ್ನುವ ಆಸೆ ನನಗೂ ಇದೆ. ಈಜುಕೊಳದಲ್ಲಿರುವಂತೆ ದಾರಿ ತೋರುವ ತಳದ ಕಪ್ಪು ಗೆರೆ ಅಲ್ಲಿರುವುದಿಲ್ಲ. ಕೆಲವು ಕೈ ಬೀಸಿಗೊಮ್ಮೆ ಕಣ್ಣನ್ನಷ್ಟೇ ನೀರಿನಿಂದ ಮೇಲೆತ್ತಿ ದಡದ ಮರವನ್ನೋ ಗೋಪುರವನ್ನೋ ಗುರುತಿಟ್ಟುಕೊಳ್ಳುವ ಅಭ್ಯಾಸ ಮೊದಲು ವಿಂಡರ್‌ಮಿಯರ್‌ನಲ್ಲಿ ಆಗಲಿ.

ಬರಲು ಹಿಂಜರಿಯುವ ಸೋದರಿಯರಿಗೆ ಒಂದು ಮಾತು. ಈಜುಡುಗೆಯ ಸಂಕೋಚವೇ ಅಡ್ಡಿಯಾಗಿದ್ದರೆ, ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಮುಚ್ಚುವ ವೆಟ್‌ಸೂಟನ್ನು ಸರೋವರದಲ್ಲಿ ಬಹುಪಾಲು ಎಲ್ಲರೂ ಧರಿಸುತ್ತಾರೆ. ಅದು ಚಳಿಯನ್ನೂ ತಡೆಯುತ್ತದೆ, ತೇಲಲೂ ನೆರವಾಗುತ್ತದೆ. ಬಾಡಿಗೆಗೂ ಸಿಗುತ್ತದೆ. ಮೊದಲ ಸಲ ತೊಡುವಾಗ ಪ್ಲಾಸ್ಟಿಕ್ ಚೀಲದೊಳಗೆ ಪಾದವಿಟ್ಟು ತೂರಿಸಿದರೆ ಸುಲಭವಾಗಿ ಏರುತ್ತದೆ.

ಇನ್ನು ಪ್ರಕಟಣೆಗಳು, ಜಾಗ ಕಡಿಮೆಯಿದೆ. ಗಣೇಶನ ಪೂಜೆ ಹಬ್ಬದ ನಂತರದ ಶನಿವಾರ, ಎಂದಿನ ಸಭಾಂಗಣದಲ್ಲಿ. ಕಡುಬು ಮಾಡುವವರು ಮೊದಲೇ ತಿಳಿಸಿ. ರಾಜ್ಯೋತ್ಸವದ ನಾಟಕಕ್ಕೆ ಇನ್ನೂ ಮೂವರು ಗಂಡಸರು ಬೇಕು. ಭಾನುವಾರದ ಕನ್ನಡ ತರಗತಿ ಶಾಲೆಗಳು ತೆರೆದ ವಾರವೇ ಆರಂಭ. ಸುದ್ದಿಪತ್ರದ ಕರಡು ತಿದ್ದಲು ಒಬ್ಬರು ಜೊತೆಯಾದರೆ ಈ ಪುಟ ಬರೆಯುವವರಿಗೆ ಸ್ವಲ್ಪ ನಿದ್ದೆ ಸಿಗುತ್ತದೆ.

ಈಜು ಬಳಗದ ಈ ವರ್ಷದ ಕೊನೆಯ ಪ್ರವಾಸ ಸೆಪ್ಟೆಂಬರ್ ಮೊದಲ ಭಾನುವಾರ, ವಿಂಡರ್‌ಮಿಯರ್‌ನ ದಕ್ಷಿಣ ತುದಿಯ ಫೆಲ್ ಫುಟ್‌ನಲ್ಲಿ. ಅಲ್ಲಿ ಹುಲ್ಲುಹಾಸಿದೆ, ದಡ ಇಳಿಜಾರಾಗಿದೆ, ಮಕ್ಕಳಿಗೆ ಅನುಕೂಲ. ಬೇರೆ ಕೆರೆಯಲ್ಲಿ ಬಳಸಿದ ವೆಟ್‌ಸೂಟನ್ನು ತೊಳೆದು ಪೂರ್ತಿ ಒಣಗಿಸಿ ತನ್ನಿ. ಒಂದು ನೀರಿನ ಕಳೆ ಇನ್ನೊಂದಕ್ಕೆ ಹರಡಬಾರದು. ಈಜಲು ಈಗಾಗಲೇ ಸಾಕಷ್ಟು ಹೆಸರುಗಳು ಬಂದಿವೆ. ಬೇಕಾಗಿರುವವರು ಈಜದವರು. ಕಯಾಕ್ ನಡೆಸಬಲ್ಲ ಇಬ್ಬರು ಬೇಕು. ತರಬೇತಿಯ ಶುಲ್ಕವನ್ನು ಸಂಘವೇ ಕೊಡಬೇಕೆಂದು ಸಮಿತಿಯನ್ನು ಕೇಳಿದ್ದೇನೆ. ದಡದಲ್ಲಿ ಹೆಸರಿನ ಪಟ್ಟಿ ಹಿಡಿದು, ಇಳಿದವರನ್ನೂ ಹತ್ತಿದವರನ್ನೂ ಗುರುತುಹಾಕಲು ಒಬ್ಬರು, ಟವೆಲು ಮತ್ತು ಶುಂಠಿ ಕಷಾಯ ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಇದಕ್ಕೆ ಈಜು ಬರಬೇಕೆಂದಿಲ್ಲ. ಕಣ್ಣು ನೀರಿನ ಮೇಲೆಯೇ ಇರಬೇಕು, ಮೊಬೈಲು ಜೇಬಿನಲ್ಲಿರಬೇಕು. ನಾಲ್ವರು ಸಿಗದಿದ್ದರೆ ಪ್ರವಾಸವನ್ನು ಮುಂದಿನ ಬೇಸಿಗೆಗೆ ಮುಂದೂಡುತ್ತೇವೆ. ದಯವಿಟ್ಟು ಈ ತಿಂಗಳ ಕೊನೆಯೊಳಗೆ ಕಾರ್ಯದರ್ಶಿಯವರಿಗೆ ಹೆಸರು ಕೊಡಿ. ಶಿವಮೊಗ್ಗಕ್ಕೆ ಹೊರಡುವ ಮುನ್ನ ನಮ್ಮ ಹಿರಿಯರು ಎರಡು ಸಂಜೆ ಬಿಡುವು ಮಾಡಿಕೊಂಡು, ಬರುವವರಿಗೆ ಕೆಲಸವನ್ನೆಲ್ಲ ತೋರಿಸಿಕೊಡಲು ಒಪ್ಪಿದ್ದಾರೆ.