ಎಕ್ಸೋಸೋಮ್: ಕಣಗಳ ಎಣಿಕೆಯೊಂದೇ ಸಾಲದು

ಮಾನ್ಯರೇ,

ಜೀವಕೋಶಗಳು ಹೊರಬಿಡುವ ಎಕ್ಸೋಸೋಮ್‌ಗಳು ಸುಮಾರು 30ರಿಂದ 150 ನ್ಯಾನೋಮೀಟರ್ ಗಾತ್ರದ, ಕೊಬ್ಬಿನ ಪೊರೆಯ ಚೀಲಗಳು. ಒಳಗಿನ ಪ್ರೋಟೀನ್, ಆರ್‌ಎನ್‌ಎಗಳನ್ನು ಇನ್ನೊಂದು ಕೋಶಕ್ಕೆ ತಲುಪಿಸಿ ಅದರ ವರ್ತನೆಯನ್ನೇ ಬದಲಿಸಬಲ್ಲವು. ಚಿಕಿತ್ಸೆಯ ನಿರೀಕ್ಷೆ ಸಹಜವೇ. ಆದರೆ ಎಕ್ಸೋಸೋಮ್ ತುಂಬಿದ ಸೀಸೆಯ ಮೇಲೆ ‘ಕೋಟ್ಯಂತರ ಕಣಗಳು’ ಎಂದು ಬರೆದು ಮಾರುವುದು ಸರಿಯಲ್ಲ. ಬರೀ ಕಣ ಎಣಿಸುವ ಯಂತ್ರಕ್ಕೆ ಎಕ್ಸೋಸೋಮ್ ಯಾವುದು, ರಕ್ತದಲ್ಲಿ ಕೊಬ್ಬನ್ನು ಸಾಗಿಸುವ ಲಿಪೋಪ್ರೋಟೀನ್ ಕಣ ಯಾವುದು ಎಂಬುದು ತಿಳಿಯುವುದಿಲ್ಲ. ಕೋಶ ಬೆಳೆಸುವ ದ್ರಾವಣಕ್ಕೆ ಹಾಕುವ, ಕರುವಿನ ರಕ್ತದ ತಿಳಿದ್ರವವಾದ ಸೀರಮ್‌ನಲ್ಲೂ ಇಂಥ ಚೀಲಗಳಿವೆ. ಮೊದಲೇ ತೆಗೆಯದಿದ್ದರೆ ಅವೂ ಲೆಕ್ಕಕ್ಕೆ ಸೇರುತ್ತವೆ. ಎಕ್ಸೋಸೋಮ್ ಪೊರೆಯ ಮೇಲಿನ ಗುರುತಿನ ಪ್ರೋಟೀನ್‌ಗಳಾದ ಸಿಡಿ9, ಸಿಡಿ63, ಸಿಡಿ81 ಇವೆಯೇ, ಲಿಪೋಪ್ರೋಟೀನ್ ಬೆರೆತಿರುವುದನ್ನು ತೋರುವ ಅಪೋಲಿಪೋಪ್ರೋಟೀನ್ ಎಷ್ಟು ಉಳಿದಿದೆ ಎಂಬುದನ್ನು ಪ್ರತಿ ಬ್ಯಾಚ್‌ಗೂ ತೋರಿಸಲೇಬೇಕು. ಶೇಖರಣೆ ಸಾಮಾನ್ಯವಾಗಿ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಪೊರೆ ಹಾಳಾಗಿ ಚೀಲಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇಷ್ಟೂ ವಿವರ ಕೊಡದ ಸೀಸೆಯನ್ನು ರೋಗಿಗೆ ಚುಚ್ಚಬಾರದು.

– ಜೀವಕೋಶ ಸಂಶೋಧಕರು